ಬಿಸಿಲು ಸುಟ್ಟ ಮೈ: ವೈದ್ಯರ ಬಳಿಗೆ ಯಾವಾಗ?

ಹಿರಿಯೂರಿಗೆ ಸಮೀಪದ ಮಾರಿಕಣಿವೆಯನ್ನು ನೋಡಲು ಹೋಗುವವರು ಸಾಮಾನ್ಯವಾಗಿ ನಡುಹಗಲಿಗೆ ಕಟ್ಟೆಯ ಮೇಲಿರುತ್ತಾರೆ. 1907ರಲ್ಲಿ ಮುಗಿದ ಆ ಕಲ್ಲುಕಟ್ಟೆಯ ಮೇಲೆ ನೆರಳೆಂಬುದು ವಿರಳ. ಆದರೂ ವಾಣೀವಿಲಾಸ ಸಾಗರದ ಕಡೆಯಿಂದ ತಂಗಾಳಿ ಬೀಸುತ್ತಿದ್ದರೆ ಬಿಸಿಲಿನ ಕಾಟವು ತಿಳಿಯುವುದೇ ಇಲ್ಲ. ಮೋಸವಿರುವುದು ಇಲ್ಲಿಯೇ. ನಮಗೆ ಸೆಕೆಯನ್ನುಂಟುಮಾಡುವ ಕಿರಣಗಳು ಬೇರೆ. ಚರ್ಮವನ್ನು ಸುಡುವ ಕಿರಣಗಳು ಬೇರೆ. ಇವು 1801ರಲ್ಲಿ ರಿಟ್ಟರ್ ಎಂಬ ಜರ್ಮನ್ ವಿಜ್ಞಾನಿಯು ಕಂಡುಹಿಡಿದ, ಕಣ್ಣಿಗೆ ಕಾಣದ ಅತಿನೇರಳೆ ಕಿರಣಗಳು. ಗಾಳಿಯು ಇವನ್ನು ತಂಪುಗೊಳಿಸಲಾರದು, ತೆಳುಮೋಡವು ತಡೆಯಲಾರದು. ಉರಿಯು ಕೆಲವು ಗಂಟೆಗಳ ಮೇಲೆ ತಲೆದೋರಿ, ಮರುದಿನ ಬಲಿಯುವುದು.

ಚರ್ಮವು ಕೆಂಪಾಗುವುದೇ ಇದರ ಮುಖ್ಯ ಲಕ್ಷಣವೆಂದು ನಾವು ಇಂಗ್ಲಿಷ್ ಪುಸ್ತಕಗಳಲ್ಲಿ ಓದಿರುವೆವು. ಅದು ಬಿಳಿಯ ಮೈಯವರನ್ನು ನೋಡಿ ಬರೆದ ಮಾತು. ನಮ್ಮ ಕಂದು ಮೈಯಲ್ಲಿ ಆ ಕೆಂಪು ಅಡಗಿಬಿಡುವುದು. 'ನಮಗೆ ಬಿಸಿಲೇನು ಹೊಸದೇ?' ಎಂಬ ಉದಾಸೀನವೂ ಇದರೊಡನೆ ಸೇರುವುದು. ಆದುದರಿಂದ ಬಣ್ಣವನ್ನು ನಂಬದೆ ಮುಟ್ಟಿ ನೋಡಬೇಕು: ಚರ್ಮವು ಬಿಸಿಯಾಗಿ, ಬಿಗಿದುಕೊಂಡು, ಸೋಕಿದರೆ ನೋಯುತ್ತಿದ್ದರೆ ಅದು ಸುಟ್ಟಿದೆಯೆಂದೇ ತಿಳಿಯಬೇಕು.

ಅಷ್ಟೇ ಆಗಿದ್ದರೆ ತಣ್ಣೀರಿನ ಬಟ್ಟೆ, ಧಾರಾಳವಾಗಿ ನೀರು ಮಜ್ಜಿಗೆ, ಕೆಲವು ದಿನಗಳ ನೆರಳು, ಇವೇ ಸಾಕು. ಬೆಣ್ಣೆಯನ್ನು ಬಳಿಯಬಾರದು (ಅಜ್ಜಿಯರು ಕ್ಷಮಿಸಬೇಕು), ಮಂಜುಗಡ್ಡೆಯನ್ನು ಒತ್ತಬಾರದು, ಬೊಬ್ಬೆಗಳನ್ನು ಒಡೆಯಬಾರದು.

ಬೊಬ್ಬೆಗಳು ಮೈಯ ಬಹುಭಾಗವನ್ನು ಆವರಿಸಿದರೆ, ಇಲ್ಲವೆ ಮುಖದಲ್ಲಿ ಎದ್ದರೆ, ವೈದ್ಯರನ್ನು ಕಾಣಬೇಕು. ಚಳಿಜ್ವರ, ವಾಂತಿ, ಕಣ್ಣುನೋವು, ಕೀವು, ಹೆಚ್ಚುತ್ತಿರುವ ಬಾವು, ಇವು ಕಂಡರೂ ಹಾಗೆಯೇ. ವರ್ಷ ತುಂಬದ ಕೂಸಿನ ಮೈ ಸುಟ್ಟಿದ್ದರೆ ಮನೆಮದ್ದಿನಲ್ಲಿ ಕಾಲ ಕಳೆಯಬಾರದು. ಡಾಕ್ಸಿಸೈಕ್ಲಿನ್ ಮೊದಲಾದ ಕೆಲವು ಔಷಧಗಳನ್ನು ಸೇವಿಸುವವರಿಗೆ ಅಲ್ಪ ಬಿಸಿಲೂ ಸುಡಬಹುದು. ಅದನ್ನು ವೈದ್ಯರಿಗೆ ಮರೆಯದೆ ತಿಳಿಸಬೇಕು.

ಇನ್ನೊಂದು ಅಪಾಯವುಂಟು, ಅದು ಚರ್ಮದ್ದಲ್ಲ. ಬಿಸಿಲಿನಲ್ಲಿದ್ದವನ ಮೈ ಕೆಂಡದಂತೆ ಸುಡುತ್ತ, ಮಾತು ತೊದಲಿ, ತಾನೆಲ್ಲಿರುವೆನೆಂಬುದೇ ಅವನಿಗೆ ತಿಳಿಯದಾದರೆ, ಅದು ಬಿಸಿಲ ಹೊಡೆತ. ಬೆವರು ಬರುತ್ತಿದೆಯೆಂದು ಸಮಾಧಾನಪಡುವಂತಿಲ್ಲ. 108ಕ್ಕೆ ಕರೆ ಮಾಡಬೇಕು. ಕಟ್ಟೆಯಿಂದ ಹಿರಿಯೂರಿನ ಆಸ್ಪತ್ರೆಗೆ ದಾರಿ ಸವೆಯಬೇಕಾದುದರಿಂದ ವಾಹನ ಬರುವವರೆಗೆ ಸುಮ್ಮನೆ ಕಾಯಬಾರದು. ಅವನನ್ನು ನೆರಳಿಗೆ ತಂದು, ಮೈಮೇಲೆ ತಣ್ಣೀರು ಸುರಿದು, ಗಾಳಿ ಬೀಸುತ್ತಲೇ ಇರಬೇಕು. ಎಚ್ಚರ ತಪ್ಪಿದವನ ಬಾಯಿಗೆ ಮಾತ್ರ ನೀರು ಹಾಕಕೂಡದು.