ನಂಬುಗೆಯ ಹೆಸರು, ಹೊಸ ಗಾಡಿ

ಹೆಸರಾಂತ ಸಂಸ್ಥೆಯ ಮೋಟಾರು ಕಾರು ಹೊಸದಾದಷ್ಟೂ ಹೆಚ್ಚು ನಂಬುಗೆಗೆ ಅರ್ಹವೆ? ಅಥವಾ ಅದೇ ಸಂಸ್ಥೆಯ ಹಳೆಯ ಗಾಡಿಯೇ ಮೇಲೆ? ಹಲವು ವರ್ಷಗಳ ಉಳಿತಾಯವನ್ನು ಒಂದು ವಾಹನಕ್ಕೆ ಸುರಿಯುವ ಗೃಹಸ್ಥನಿಗೆ ಇದು ಬರಿಯ ತರ್ಕದ ಮಾತಲ್ಲ. ಜಪಾನಿನ ಟೊಯೋಟ ಸಂಸ್ಥೆಯನ್ನು ನಿದರ್ಶನವಾಗಿಟ್ಟುಕೊಂಡು ವಿಚಾರಮಾಡೋಣ. 2000ದಲ್ಲಿ ಬಂದ ಕ್ವಾಲಿಸ್, 2005ರಲ್ಲಿ ಬಂದ ಇನ್ನೋವಾ, ಇವೆರಡೂ ಬಿಡದಿಯ ಕಾರ್ಖಾನೆಯಲ್ಲಿ ತಯಾರಾದವು. ಆದುದರಿಂದ ಈ ಹೆಸರು ನಮ್ಮವರಿಗೆ ಅಪರಿಚಿತವಲ್ಲ.

ಈ ಸಂಸ್ಥೆಯ ಕೀರ್ತಿಯ ಬೇರು ಮಗ್ಗದಲ್ಲಿದೆ. ಸಕಿಚಿ ಟೊಯೋಡ ಎಂಬಾತ 1924ರಲ್ಲಿ ಪೂರ್ಣಗೊಳಿಸಿದ ಸ್ವಯಂಚಾಲಿತ ಮಗ್ಗ, ನೂಲಿನ ಎಳೆ ಕಡಿದೊಡನೆ ತಾನಾಗಿಯೇ ನಿಲ್ಲುತ್ತಿತ್ತು. ಹೀಗಾಗಿ ಕೆಟ್ಟ ಬಟ್ಟೆ ಗಜಗಟ್ಟಲೆ ನೇಯ್ದುಹೋಗುವ ನಷ್ಟ ತಪ್ಪಿತು. 1937ರಲ್ಲಿ ಮೋಟಾರು ಸಂಸ್ಥೆ ಸ್ಥಾಪನೆಯಾಯಿತು. ಮುಂದೆ ಅದರ ಕಾರ್ಖಾನೆಗಳಲ್ಲಿಯೂ ಇದೇ ತತ್ತ್ವ ನೆಲೆಗೊಂಡಿತು: ದೋಷವನ್ನು ಕಂಡ ಕೆಲಸಗಾರನು ಹಗ್ಗವನ್ನೆಳೆದು ಎಚ್ಚರಿಸಬಹುದು, ಅಲ್ಲಿಯೇ ಸರಿಪಡಿಸಲಾಗದಿದ್ದರೆ ಕೆಲಸದ ಸಾಲೇ ನಿಲ್ಲುತ್ತದೆ.

ಹೊಸತನದಿಂದ ಬಂದ ಲಾಭಗಳನ್ನು ಅಲ್ಲಗಳೆಯುವಂತಿಲ್ಲ. ಹಿಂದೆ ಚಳಿಯ ಮುಂಜಾನೆ ಕಾರ್ಬ್ಯುರೇಟರಿನ ಗಾಡಿಯನ್ನು ಹೊರಡಿಸುವುದೇ ಒಂದು ಸಾಹಸ. ಈಗ ಇಂಧನವನ್ನು ಅಳೆದು ಒದಗಿಸುವ ವಿದ್ಯುನ್ಮಾನ ಸಾಧನ ಆ ತೊಡಕನ್ನು ನೀಗಿದೆ. ಸತುವಿನ ಲೇಪವುಳ್ಳ ತಗಡು ತುಕ್ಕನ್ನು ತಡೆಯುತ್ತದೆ. ಗಾಳಿಚೀಲಗಳು ಅಪಘಾತದಲ್ಲಿ ಪ್ರಾಣ ಕಾಯುತ್ತವೆ. ಕೆಡದೆ ಓಡುವುದು ಒಂದು ಗುಣ, ಒಳಗಿದ್ದವರನ್ನು ಕಾಯುವುದು ಇನ್ನೊಂದು; ಎರಡನ್ನೂ ತೂಗಿ ನೋಡಬೇಕು.

ಆದರೆ ಹೆಸರು ಕಾರ್ಖಾನೆಯದು; ನಂಬುಗೆಯಾದರೋ ಬಳಕೆಯಲ್ಲಿ ಪರೀಕ್ಷೆಗೊಳಗಾದ ಒಂದೊಂದು ರಚನೆಗೆ ಸಲ್ಲತಕ್ಕದ್ದು. ಅಮೆರಿಕದಲ್ಲಿ ಮಾರುವ ಟಂಡ್ರಾ ಗಾಡಿಯಲ್ಲಿ 5.7 ಲೀಟರಿನ, ಎಂಟು ಸಿಲಿಂಡರುಗಳ ಎಂಜಿನು ಬಹುಕಾಲ ಹೆಸರು ಗಳಿಸಿತ್ತು. 2022ರ ಮಾದರಿಯಲ್ಲಿ ಅದರ ಸ್ಥಾನಕ್ಕೆ ಆರು ಸಿಲಿಂಡರುಗಳ, ಎರಡು ಟರ್ಬೊಗಳ ಹೊಸ ಎಂಜಿನು ಬಂತು. 2024ರ ಮೇ ತಿಂಗಳಲ್ಲಿ, ಲೆಕ್ಸಸ್ ಗಾಡಿಗಳೂ ಸೇರಿ, ಸುಮಾರು 1,02,000 ವಾಹನಗಳನ್ನು ಸಂಸ್ಥೆ ಅಲ್ಲಿ ಹಿಂದಕ್ಕೆ ಕರೆಯಬೇಕಾಯಿತು. ಕಡೆಯುವ ಕೆಲಸದಲ್ಲಿ ಎಂಜಿನಿನೊಳಗೆ ಲೋಹದ ಚೂರುಗಳು ಉಳಿದಿರಬಹುದು, ಅವುಗಳಿಂದ ಬೇರಿಂಗು ಕೆಟ್ಟು ಗಾಡಿ ನಡುರಸ್ತೆಯಲ್ಲಿ ನಿಂತುಹೋಗಬಹುದು ಎಂಬುದು ಕಾರಣ. ಕಡಿದ ಎಳೆಯನ್ನು ಕಂಡು ನಿಲ್ಲುವ ತತ್ತ್ವಕ್ಕೂ ಒಳಗೆ ಅಡಗಿದ ಚೂರು ಕಾಣದೆ ಹೋಯಿತು!

ಹಾಗಾದರೆ ಹಳೆಯದೇ ಲೇಸೆನ್ನೋಣವೆ? ಅದೂ ದುಡುಕಿನ ತೀರ್ಮಾನ. ಇಪ್ಪತ್ತು ವರ್ಷ ದಾಟಿಯೂ ಓಡುತ್ತಿರುವ ಗಾಡಿಗಳಷ್ಟೇ ನಮ್ಮ ಕಣ್ಣಿಗೆ ಬೀಳುತ್ತವೆ. ಕೆಟ್ಟು ಗುಜರಿ ಸೇರಿದವು ಬೀಳುವುದಿಲ್ಲ. ಯಂತ್ರಕ್ಕೂ ಬಾಲ್ಯ, ಯೌವನ, ಮುಪ್ಪುಗಳುಂಟು. ತಯಾರಿಕೆಯ ದೋಷಗಳು ಬಾಲ್ಯದಲ್ಲಿ ತೋರುತ್ತವೆ. ನಡುವಿನ ವರ್ಷಗಳು ನೆಮ್ಮದಿಯವು. ಬಳಿಕ ರಬ್ಬರು ಬಿರಿಯುತ್ತದೆ, ಬೇರಿಂಗು ಸವೆಯುತ್ತದೆ. ಒಂದೇ ಮಾದರಿಯಲ್ಲಿಯೂ ಮೊದಲ ವರ್ಷದ ಕುಂದುಗಳನ್ನು ನಂತರದ ವರ್ಷಗಳಲ್ಲಿ ತಿದ್ದುವುದು ವಾಡಿಕೆ.

ಬಳಕೆಯ ರೀತಿಯೂ ಮುಖ್ಯ. ಭಾರತದಲ್ಲಿ 2020ರ ಏಪ್ರಿಲ್ 1ರಿಂದ ಹೊಗೆಯ ಬಗೆಗೆ ಕಟ್ಟುನಿಟ್ಟಾದ ಹೊಸ ನಿಯಮ ಜಾರಿಗೆ ಬಂದಾಗ ಡೀಸೆಲ್ ಕಾರುಗಳಿಗೆ ಮಸಿ ಹಿಡಿಯುವ ಶೋಧಕ ಸೇರಿತು. ಆ ಮಸಿ ಉರಿದುಹೋಗಲು ಸಾಕಷ್ಟು ಶಾಖ ಬೇಕು. ದಿನವೂ ಮನೆಯಿಂದ ಪೇಟೆಗೆ ಎರಡು ಮೈಲಿ ಓಡಿಸಿ ನಿಲ್ಲಿಸುವವರಲ್ಲಿ ಅದು ಕಟ್ಟಿಕೊಳ್ಳುತ್ತದೆ. ದೂರ ಪ್ರಯಾಣಮಾಡುವವರಿಗೆ ತೊಂದರೆ ಕಡಿಮೆ. ಗಾಡಿ ಒಂದೇ, ಅನುಭವ ಎರಡು.

ಕೊಳ್ಳುವವರು ಕೇಳಬೇಕಾದ ಪ್ರಶ್ನೆಗಳು ಇವು: ಈ ಎಂಜಿನು ಬಳಕೆಗೆ ಬಂದು ಎಷ್ಟು ವರ್ಷವಾಯಿತು? ಸಂಸ್ಥೆ ಈ ಮಾದರಿಯನ್ನು ದುರಸ್ತಿಗಾಗಿ ಹಿಂದಕ್ಕೆ ಕರೆದಿದೆಯೆ? ಕರೆದಿದ್ದರೆ ಈ ಗಾಡಿಗೆ ಆ ದುರಸ್ತಿ ಆಗಿದೆಯೆ? ಕಾಲಕಾಲಕ್ಕೆ ಎಣ್ಣೆ ಬದಲಾಯಿಸಿದ ದಾಖಲೆ ಇದೆಯೆ? ನಮ್ಮ ದಿನನಿತ್ಯದ ಓಡಾಟಕ್ಕೆ ಇದು ಒಗ್ಗುವುದೆ? ಇವಕ್ಕೆ ಸಮಾಧಾನಕರವಾದ ಉತ್ತರ ದೊರೆತರೆ ಹೊಸದೂ ಒಳ್ಳೆಯದೇ, ಹಳೆಯದೂ ಒಳ್ಳೆಯದೇ. ದೊರೆಯದಿದ್ದರೆ, ಅಪ್ಪ ನೆಟ್ಟ ಆಲದಮರವೆಂದು ಹೆಸರಿಗೇ ಜೋತುಬೀಳುವುದು ವಿವೇಕವಲ್ಲ.