ಹಸಿರು ವಾಂತಿ ಮತ್ತು ಕೇಪ್ ಟೌನಿನ ಒಂದು ಪ್ರಯೋಗ

ಎಳೆ ಕೂಸು ಹಾಲು ಕಕ್ಕುವುದು ಮಾಮೂಲು. ಕಕ್ಕಿದ್ದು ಹಸಿರಾಗಿದ್ದರೆ ಮಾತ್ರ ಸಂಗತಿ ಬೇರೆ. ಆ ಹಸಿರು ಪಿತ್ತರಸದ್ದು. ಪಿತ್ತನಾಳ ಸಣ್ಣ ಕರುಳಿನ ಆರಂಭದಲ್ಲೇ ಬಂದು ಸೇರುತ್ತದೆ. ಅದರಿಂದ ಕೆಳಗೆ ಎಲ್ಲಾದರೂ ದಾರಿ ಮುಚ್ಚಿದ್ದರೆ ಪಿತ್ತ ಹಿಂದಿರುಗಿ ಬಾಯಿಗೆ ಬರುತ್ತದೆ.

ಹೀಗೆ ದಾರಿ ಕಟ್ಟಲು ಕಾರಣ ಹಲವು. ಅವುಗಳಲ್ಲೊಂದು ಅಟ್ರೀಸಿಯಾ: ಕರುಳು ನಡುವೆ ಮುಚ್ಚಿಹೋಗಿರುತ್ತದೆ, ಎಷ್ಟೋ ಸಲ ತುಂಡಾಗಿಯೇ ಇರುತ್ತದೆ. ಭ್ರೂಣದ ಡ್ಯುಯೋಡಿನಮ್, ಅಂದರೆ ಸಣ್ಣ ಕರುಳಿನ ಮೊದಲ ಭಾಗ, ಕೆಲಕಾಲ ಜೀವಕೋಶಗಳಿಂದ ತುಂಬಿಕೊಂಡು ಆಮೇಲೆ ಟೊಳ್ಳಾಗುತ್ತದೆ, ಹಾಗಾಗದಿದ್ದರೆ ದಾರಿ ಮುಚ್ಚಿಯೇ ಉಳಿಯುತ್ತದೆ ಎಂದು 1900ರಲ್ಲಿ ಅಂಗರಚನಾಶಾಸ್ತ್ರಜ್ಞ ಟಾಂಡ್ಲರ್ ಹೇಳಿದ್ದರು. ಡ್ಯುಯೋಡಿನಮ್ಮಿನ ಮಟ್ಟಿಗೆ ಈ ವಿವರಣೆ ಇಂದಿಗೂ ಚಾಲ್ತಿಯಲ್ಲಿದೆ. ಉಳಿದ ಸಣ್ಣ ಕರುಳಿಗೂ ಅದನ್ನೇ ಅನ್ವಯಿಸಿದಾಗ ತೊಡಕು ಎದುರಾಯಿತು. ಕೆಲವು ಶಿಶುಗಳಲ್ಲಿ ಮುಚ್ಚಿದ ಜಾಗದ ಕೆಳಗೂ ಪಿತ್ತ ಇರುತ್ತಿತ್ತು. ಗರ್ಭದಲ್ಲಿ ಮಗು ನುಂಗಿದ ನವಿರು ಕೂದಲೂ ಸಿಗುತ್ತಿತ್ತು. ಅಂದರೆ ದಾರಿ ಮೊದಲು ತೆರೆದೇ ಇತ್ತು.

ದಕ್ಷಿಣ ಆಫ್ರಿಕಾದ ಕೇಪ್ ಟೌನಿನಲ್ಲಿ ಶಸ್ತ್ರಚಿಕಿತ್ಸಕ ಜೆ.ಎಚ್. ಲೌ ಅವರ ಅನುಮಾನ ಕರುಳಿಗೆ ರಕ್ತ ಒಯ್ಯುವ ನಾಳಗಳ ಮೇಲೆ ಬಿತ್ತು. ಅದನ್ನು ಪರೀಕ್ಷಿಸಿದವರು ಕ್ರಿಶ್ಚಿಯನ್ ಬರ್ನಾರ್ಡ್. 1967ರಲ್ಲಿ ಮೊದಲ ಬಾರಿಗೆ ಮನುಷ್ಯನ ಹೃದಯವನ್ನು ಮನುಷ್ಯನಿಗೆ ಕಸಿ ಮಾಡಿದ ಅದೇ ಬರ್ನಾರ್ಡ್. ಗಬ್ಬದ ನಾಯಿಯ ಗರ್ಭಕೋಶ ತೆರೆದು, ಮರಿಯ ಕರುಳಿಗೆ ಹೋಗುವ ಕೆಲವು ರಕ್ತನಾಳಗಳನ್ನು ಕಟ್ಟಿ, ಮರಿಯನ್ನು ಮತ್ತೆ ಒಳಗಿಟ್ಟು ಹೊಲಿದರು. ಬಹಳಷ್ಟು ಸಲ ಸೋತ ಮೇಲೆ, ಶಿಶುಗಳಲ್ಲಿ ಕಾಣುವಂಥದ್ದೇ ಅಟ್ರೀಸಿಯಾ ಇರುವ ಮರಿ ಹುಟ್ಟಿತು. 1955ರಲ್ಲಿ ಫಲಿತಾಂಶ ಪ್ರಕಟವಾಯಿತು.

ಕಾರಣ ರಕ್ತದ ಕೊರತೆ ಎಂದು ತಿಳಿದದ್ದೇ ಶಸ್ತ್ರಚಿಕಿತ್ಸೆಯ ರೀತಿ ಬದಲಾಯಿತು. ಅಟ್ರೀಸಿಯಾದ ಮೇಲಿನ ಕರುಳು ಬಲೂನಿನಂತೆ ಉಬ್ಬಿರುತ್ತದೆ. ಕೆಳಗಿನದು ಬಳಕೆಯಿಲ್ಲದೆ ಸಣಕಲಾಗಿರುತ್ತದೆ. ಮೊದಲೆಲ್ಲ ಉಬ್ಬಿದ ತುದಿಯನ್ನು ಹಾಗೇ ಉಳಿಸಿ ಜೋಡಿಸುತ್ತಿದ್ದರು. ಹೊಲಿಗೆ ಸರಿಯಿದ್ದರೂ ಆ ಭಾಗ ಆಹಾರವನ್ನು ಮುಂದೆ ತಳ್ಳುತ್ತಿರಲಿಲ್ಲ, ಬಹುಪಾಲು ಮಕ್ಕಳು ಬದುಕುತ್ತಿರಲಿಲ್ಲ. ಆ ತುದಿಗೆ ರಕ್ತಪೂರೈಕೆಯೇ ಕಳಪೆ ಎಂದು ಗೊತ್ತಾದ ಮೇಲೆ, ಅದನ್ನು ಕತ್ತರಿಸಿ ತೆಗೆದು ಆರೋಗ್ಯವಂತ ಕರುಳನ್ನು ಜೋಡಿಸುವ ಕ್ರಮ ಬಂತು. ಹೊಲಿಯುವ ಮುನ್ನ ಕೆಳಗಿನ ಕರುಳಿಗೆ ಸಲೈನ್ ತುಂಬಿ, ಮುಂದೆ ಇನ್ನೊಂದು ಅಡ್ಡಿ ಇಲ್ಲವೆಂದು ಖಾತ್ರಿ ಮಾಡಿಕೊಳ್ಳುತ್ತಾರೆ.

ಜೋಡಿಸಿದ ಕರುಳು ಕೆಲಸ ಶುರುಮಾಡಲು ದಿನಗಳು, ಕೆಲವೊಮ್ಮೆ ವಾರಗಳೇ ಬೇಕು. ಅಷ್ಟು ಕಾಲ ಮಗುವಿಗೆ ಉಣಿಸುವುದು ಹೇಗೆಂಬ ಪ್ರಶ್ನೆಗೆ ಉತ್ತರ ಸಿಕ್ಕಿದ್ದು 1960ರ ದಶಕದ ಕೊನೆಗೆ, ಅಮೆರಿಕದ ಫಿಲಡೆಲ್ಫಿಯಾದಲ್ಲಿ. ಅಲ್ಲಿ ಸ್ಟ್ಯಾನ್ಲಿ ಡಡ್ರಿಕ್ ಮತ್ತು ಡಗ್ಲಸ್ ವಿಲ್ಮೋರ್, ಸಣ್ಣ ಕರುಳಿನ ಬಹುಭಾಗ ಕಳೆದುಕೊಂಡಿದ್ದ ಶಿಶುವೊಂದಕ್ಕೆ ರಕ್ತನಾಳದ ಮೂಲಕವೇ ಪೂರ್ಣ ಪೋಷಣೆ ಕೊಟ್ಟು ಬೆಳೆಸಿ ತೋರಿಸಿದರು.

ಇಂದು ಅಟ್ರೀಸಿಯಾದ ಹೆಚ್ಚಿನ ಮಕ್ಕಳು, ಸಕಾಲದಲ್ಲಿ ಚಿಕಿತ್ಸೆ ಸಿಕ್ಕರೆ, ಬದುಕುತ್ತಾರೆ. ಆದರೆ ಹಸಿರು ವಾಂತಿಗೆ ಕರುಳು ತಿರುಚಿಕೊಂಡದ್ದೂ ಕಾರಣವಾಗಿರಬಹುದು. ಆಗ ಕೆಲವೇ ಗಂಟೆಗಳಲ್ಲಿ ಕರುಳು ಸತ್ತುಹೋಗುತ್ತದೆ. ಯಾವುದೆಂದು ಮನೆಯಲ್ಲಿ ತಿಳಿಯುವಂತಿಲ್ಲ. ಹಾಗಾಗಿ ಕೂಸು ಹಸಿರು ಕಕ್ಕಿದರೆ ದೃಷ್ಟಿ ತೆಗೆಯುತ್ತಾ, ಬಜೆ ತೇಯುತ್ತಾ, ಗ್ರೈಪ್ ವಾಟರ್ ಕುಡಿಸುತ್ತಾ ಕೂರಬೇಡಿ. ಆ ಹೊತ್ತಿಗೇ ಮಕ್ಕಳ ಶಸ್ತ್ರಚಿಕಿತ್ಸಕರಿರುವ ಆಸ್ಪತ್ರೆಗೆ ಕರೆದೊಯ್ಯಿರಿ.