ರಾಣಿ ಜೇನಿನ ರೆಕ್ಕೆ ಕತ್ತರಿಸಬೇಕೇ?

ಮಕ್ಕಳೇ, ನಮ್ಮ ಜತ್ತ ತಾಲೂಕಿನ ದಾಳಿಂಬೆ ತೋಟಗಳಿಗೆ ಜೇನು ಬೇಕು. ಆದರೆ ಪೆಟ್ಟಿಗೆಯ ಜೇನು ಒಮ್ಮೊಮ್ಮೆ ರಾಣಿಯ ಜೊತೆ ಹಾರಿಹೋಗುತ್ತದೆ. ಅದನ್ನು ತಡೆಯಲು ಕೆಲವರು ರಾಣಿಯ ಒಂದು ಮುಂದಿನ ರೆಕ್ಕೆಯ ತುದಿ ಕತ್ತರಿಸುತ್ತಾರೆ. ಇದು ಸರಿಯೇ?

ರಾಣಿ ಗಂಡು ನೊಣಗಳನ್ನು ಕೂಡುವುದು ಹಾರುವಾಗಲೇ. ಅದಕ್ಕೂ ಮೊದಲೇ ಕತ್ತರಿಸಿದರೆ ಅವಳ ಮೊಟ್ಟೆಗಳಿಂದ ಬರೀ ಗಂಡು ನೊಣ ಹುಟ್ಟುತ್ತವೆ. ಕೆಲಸಗಾರ ನೊಣಗಳಿಲ್ಲದೆ ಕುಟುಂಬವೇ ಅಳಿಯುತ್ತದೆ. ಕತ್ತರಿಸಿದ ರೆಕ್ಕೆ ಮತ್ತೆ ಬೆಳೆಯೋದಿಲ್ಲ.

ಕೂಡಿ ಬಂದ ಮೇಲೆ ಕತ್ತರಿಸಿದರೆ? ಕುಟುಂಬ ಪಾಲಾಗಿ ಹೊರಟಾಗ ರಾಣಿ ಹಾರಲಾರದೆ ನೆಲಕ್ಕೆ ಬೀಳುತ್ತಾಳೆ, ನೊಣಗಳು ಪೆಟ್ಟಿಗೆಗೆ ಹೊಳ್ಳಿ ಬರುತ್ತವೆ. ಆದರೆ ಮೊಟ್ಟೆಯಿಂದ ಹೊಸ ರಾಣಿಯಾಗಲು ಸುಮಾರು 16 ದಿನ ಸಾಕು. ಪಾಲಾಗುವ ಹೊತ್ತಿಗೆ ಅದರಲ್ಲಿ ಅರ್ಧ ಕಳೆದಿರುತ್ತದೆ. ವಾರದಲ್ಲಿ ಹೊಸ ರಾಣಿ ಬಂದರೆ ನೊಣಗಳು ಅವಳ ಜೊತೆ ಹೋಗಬಹುದು. ಅಂದ್ರೆ ನಮಗೆ ಸಿಕ್ಕಿದ್ದು ಒಂದೇ ವಾರ.

ಇನ್ನು ಸನಮಡಿಯಂಥ ಒಣಸೀಮೆಯಲ್ಲಿ ತುಡುವೆ ಜೇನು, ಮರಾಠಿಯ ಸಾತೇರಿ, ಗೂಡನ್ನೇ ಬಿಟ್ಟು ಹೋಗೋದು ಯಾಕೆ? ಹೂವಿಲ್ಲದ ಬೇಸಿಗೆ, ಬಿಸಿಲು, ಇರುವೆ, ಮೇಣದ ಪತಂಗ. ಕತ್ತರಿಯಿಂದ ಇವು ಹೋಗೋದಿಲ್ಲ. ಪೆಟ್ಟಿಗೆಗೆ ನೆರಳು, ಹತ್ತಿರ ನೀರು, ಹೂವಿಲ್ಲದಾಗ ಸಕ್ಕರೆ ಪಾಕ, ಸ್ಟ್ಯಾಂಡಿನ ಕಾಲಿಗೆ ನೀರಿನ ಬಟ್ಟಲು ಕೊಡಬೇಕು. ಹೊಸ ರಾಣಿಯ ಕೋಶ ಕಂಡರೆ ಕುಟುಂಬವನ್ನು ನಾವೇ ಎರಡು ಪೆಟ್ಟಿಗೆಗೆ ಹಂಚಬಹುದು. ಹೋಗುವ ಕಾರಣ ತೆಗೆದರೆ ರೆಕ್ಕೆ ತೆಗೆಯೋ ಕೆಲಸವೇ ಬೀಳೋದಿಲ್ಲ.